ಸಿಎ ಇಂಟರ್: ಅಣ್ಣ ಬರೆದ ಪರೀಕ್ಷೆ ಬೇರೆ, ನೀವು ಬರೆಯುವುದು ಬೇರೆ

ಪ್ರಶ್ನೆ: ನಾನು ರಾಣೆಬೆನ್ನೂರಿನವಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ಮೊದಲ ಹಂತ ಫೌಂಡೇಶನ್ ಪಾಸಾಗಿ ಈಗ ಎರಡನೇ ಹಂತವಾದ ಇಂಟರ್‌ಗೆ ಓದುತ್ತಿದ್ದೇನೆ. ನಮ್ಮ ದೊಡ್ಡಪ್ಪನ ಮಗ 2018ರಲ್ಲಿ ಸಿಎ ಮುಗಿಸಿದವರು. ಅವರ ಪುಸ್ತಕ, ನೋಟ್ಸ್ ಎಲ್ಲ ಕೊಟ್ಟು, "ಎಂಸಿಕ್ಯೂ (ಆಯ್ಕೆ ಕೊಟ್ಟು ಕೇಳುವ ಪ್ರಶ್ನೆ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಬರೆದು ಬರೆದು ಅಭ್ಯಾಸ ಮಾಡು, ಒಂದು ಗ್ರೂಪ್ ಮುಗಿಸಿ ಆರ್ಟಿಕಲ್‌ಶಿಪ್‌ಗೆ (ಸಿಎ ಆಫೀಸಿನ ತರಬೇತಿಗೆ) ಸೇರಿಬಿಡು" ಎನ್ನುತ್ತಾರೆ. ಕೋಚಿಂಗ್‌ನಲ್ಲಿ ನೋಡಿದರೆ "30 ಅಂಕದ ಎಂಸಿಕ್ಯೂ ಗಟ್ಟಿ ಮಾಡಿಕೊಂಡರೆ ಪಾಸು ಖಚಿತ" ಎನ್ನುತ್ತಾರೆ. ಯಾರ ಮಾತು ಕೇಳಲಿ? ವರ್ಷಕ್ಕೆ ಮೂರು ಸಲ ಪರೀಕ್ಷೆ ಇರುವುದರಿಂದ ಒಂದೊಂದೇ ಗ್ರೂಪ್ ಬರೆದರೆ ಒಳ್ಳೆಯದೇ? ಎರಡೇ ವರ್ಷದ ಆರ್ಟಿಕಲ್‌ಶಿಪ್ ಮಾಡಿದವರಿಗೆ ಬೆಲೆ ಇಲ್ಲ ಎನ್ನುವುದು ನಿಜವೇ?

ಉತ್ತರ: ನಿಮ್ಮ ಅಣ್ಣ ತಪ್ಪು ಹೇಳುತ್ತಿಲ್ಲ. ತಾವು ಬರೆದ ಪರೀಕ್ಷೆಯ ಬಗ್ಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ಆದರೆ ಆ ಪರೀಕ್ಷೆ ಈಗ ಇಲ್ಲ.

2018ರಲ್ಲಿ ಕೊನೆಯ ಹಂತವಾದ ಫೈನಲ್ ಮುಗಿಸಿದ್ದಾರೆಂದರೆ ಅವರು ಇಂಟರ್ ಹಂತದಲ್ಲಿ ಬರೆದದ್ದು ಐಪಿಸಿಸಿ ಎಂಬ ಹಳೆಯ ಪರೀಕ್ಷೆ ಆಗಿರಬೇಕು. ಅದರಲ್ಲಿ ಏಳು ಪೇಪರ್‌ಗಳಿದ್ದವು, ಮೊದಲ ಗ್ರೂಪ್‌ಗೆ ನಾಲ್ಕು, ಎರಡನೆಯದಕ್ಕೆ ಮೂರು. ಒಂದು ಎಂಸಿಕ್ಯೂ ಕೂಡ ಇರಲಿಲ್ಲ. ಅವರ ಬ್ಯಾಚಿನವರು ಎಂಸಿಕ್ಯೂ ಕಂಡದ್ದು ಸಿಪಿಟಿಯಲ್ಲಿ. 2006ರಲ್ಲಿ ಶುರುವಾದ ಆ ಪ್ರವೇಶ ಪರೀಕ್ಷೆ 200 ಅಂಕಗಳದ್ದು, ಪೂರ್ತಿ ಟಿಕ್ ಹಾಕುವಂಥದ್ದು. ಹಾಗಾಗಿ ಎಂಸಿಕ್ಯೂ ಎಂದ ಕೂಡಲೇ ಅವರಿಗೆ "ಅದೇನು ಮಹಾ" ಎನ್ನಿಸುವುದು ಸಹಜ. 2017ರ ಜುಲೈನಲ್ಲಿ ಬಂದ ಹೊಸ ಪಠ್ಯ-ಪರೀಕ್ಷಾ ಯೋಜನೆಯಲ್ಲಿ ಇಂಟರ್ ಎಂಟು ಪೇಪರ್ ಆಯಿತು. 2019ರ ಮೇ ಪರೀಕ್ಷೆಯಿಂದ ಇಂಟರ್ ಮತ್ತು ಫೈನಲ್‌ನ ಕೆಲವು ಪೇಪರ್‌ಗಳಿಗೆ 30 ಅಂಕದ ಎಂಸಿಕ್ಯೂ ಬಂತು. 2023ರ ಜುಲೈ 1ರಿಂದ ಜಾರಿಯಾದ ಈಗಿನ ಯೋಜನೆಯಲ್ಲಿ ಇಂಟರ್ ಆರು ಪೇಪರ್‌ಗೆ ಇಳಿದಿದೆ, ಎಂಸಿಕ್ಯೂ ಆರಕ್ಕೂ ಬಂದಿದೆ. ಇದರ ಮೊದಲ ಪರೀಕ್ಷೆ ನಡೆದದ್ದು 2024ರ ಮೇನಲ್ಲಿ. ನಿಮ್ಮ ಕೈಗೆ ಬಂದಿರುವ ಪುಸ್ತಕಗಳು ಹಿಂದಿನ ಯೋಜನೆಯವೂ ಅಲ್ಲ, ಅದಕ್ಕೂ ಹಿಂದಿನವು.

ಆರು ಪೇಪರ್ ಆದ ಮೇಲೆ ಓದು ಹಗುರವಾಯಿತು ಎಂದು ಬಹಳ ಜನ ಲೆಕ್ಕ ಹಾಕಿದರು. ಇಲ್ಲಿ ಅಂಕಗಳ ಲೆಕ್ಕವನ್ನು ಸ್ವಲ್ಪ ಕೂತು ನೋಡಬೇಕು. ನಿಯಮ ಹಳೆಯದೇ: ಪ್ರತಿ ಪೇಪರ್‌ನಲ್ಲಿ ಕನಿಷ್ಠ 40, ಗ್ರೂಪ್‌ನ ಒಟ್ಟು ಅಂಕದಲ್ಲಿ ಅರ್ಧ. ನಾಲ್ಕು ಪೇಪರ್‌ನ ಗ್ರೂಪ್‌ನಲ್ಲಿ ಪಾಸಾಗಲು 200 ಬೇಕಿತ್ತು. ಎರಡು ಪೇಪರ್ ಕೈಕೊಟ್ಟು 40ಕ್ಕೆ ನಿಂತರೂ ಉಳಿದೆರಡರಲ್ಲಿ 60ರಂತೆ ತೆಗೆದರೆ ದಡ ಸೇರಬಹುದಿತ್ತು. ಈಗ ಗ್ರೂಪ್‌ಗೆ ಮೂರೇ ಪೇಪರ್, ಬೇಕಾದದ್ದು 150. ಎರಡು ಪೇಪರ್ 40ಕ್ಕೆ ನಿಂತರೆ ಮೂರನೆಯದರಲ್ಲಿ 70 ಬೇಕು. ಇಂಟರ್‌ನಲ್ಲಿ 70 ತೆಗೆಯುವವರು ಇಲ್ಲವೆಂದಲ್ಲ. ಆದರೆ ಎರಡು ಪೇಪರ್‌ನಲ್ಲಿ 40 ತೆಗೆಯುವವರು ಮೂರನೆಯದರಲ್ಲಿ 70 ತೆಗೆಯುವುದು ಅಪರೂಪ.

ಹಿಂದೆ "ಒಂದು ಪೇಪರ್ ಹೇಗೋ ತಳ್ಳಿದರಾಯಿತು" ಎನ್ನುವ ಮಾತು ಹಾಸ್ಟೆಲ್‌ಗಳಲ್ಲಿ ಧಾರಾಳವಾಗಿ ಓಡಾಡುತ್ತಿತ್ತು. ಕಾನೂನನ್ನೋ ಆಡಿಟಿಂಗನ್ನೋ ಕೊನೆಯ ವಾರಕ್ಕೆ ಬಿಟ್ಟು, ಅಕೌಂಟ್ಸ್ ಮತ್ತು ಕಾಸ್ಟಿಂಗ್ ಮೇಲೆ ಭಾರ ಹಾಕುವುದು ಅದರ ರೀತಿ. ಈಗ ಮೊದಲ ಗ್ರೂಪ್ ಎಂದರೆ ಅಡ್ವಾನ್ಸ್ಡ್ ಅಕೌಂಟಿಂಗ್, ಕಾರ್ಪೊರೇಟ್ ಮತ್ತು ಇತರ ಕಾನೂನುಗಳು, ಟ್ಯಾಕ್ಸೇಶನ್. ಎರಡನೆಯದು ಕಾಸ್ಟ್ ಅಂಡ್ ಮ್ಯಾನೇಜ್ಮೆಂಟ್ ಅಕೌಂಟಿಂಗ್, ಆಡಿಟಿಂಗ್ ಅಂಡ್ ಎಥಿಕ್ಸ್, ಫೈನಾನ್ಶಿಯಲ್ ಮ್ಯಾನೇಜ್ಮೆಂಟ್ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್ಮೆಂಟ್. ಇವುಗಳಲ್ಲಿ ತಳ್ಳಿಹಾಕಬಹುದಾದ ಪೇಪರ್ ಒಂದೂ ಇಲ್ಲ. ನೀವು ಯಾವುದಕ್ಕೆ ಹೆದರುತ್ತೀರೋ ಅದನ್ನೇ ಮೊದಲು ಎತ್ತಿಕೊಳ್ಳಿ.

ಇನ್ನು ಕೋಚಿಂಗ್‌ನವರ ಮಾತು. 30ರಲ್ಲಿ 22 ತೆಗೆದಿರಿ ಎಂದುಕೊಳ್ಳೋಣ, ಅದು ಒಳ್ಳೆಯ ಅಂಕವೇ. ಎಂಸಿಕ್ಯೂ ಭಾಗಕ್ಕೂ ಬರೆಯುವ ಭಾಗಕ್ಕೂ ಬೇರೆ ಬೇರೆ ಕನಿಷ್ಠ ಅಂಕವಿಲ್ಲ, ಎರಡನ್ನೂ ಕೂಡಿಸಿಯೇ 40 ಆಗಬೇಕು. ಆಗ ಬರೆಯುವ 70ರಲ್ಲಿ 18 ಬಂದರೆ 40 ಆಯಿತು, 28 ಬಂದರೆ 50 ಆಯಿತು. ಇಷ್ಟು ಕೇಳಿದರೆ ಅವರ ಮಾತು ಸರಿ ಅನ್ನಿಸುತ್ತದೆ. ಆದರೆ ಆ 22 ಬರುವುದು ಹೇಗೆ? ಎಂಸಿಕ್ಯೂ ಪುಸ್ತಕದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದರೆ ಬರುವುದಿಲ್ಲ. ಇಂಟರ್‌ನ ಎಂಸಿಕ್ಯೂ ಹೆಚ್ಚಾಗಿ ಕೇಸ್ ಸಿನಾರಿಯೋ. ಮೊದಲು ಅರ್ಧ ಪುಟವೋ ಒಂದು ಪುಟವೋ ಕಥೆ, ಅದರ ಕೆಳಗೆ ಪ್ರಶ್ನೆಗಳು. ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಅಂಕ.

ಒಂದು ಉದಾಹರಣೆ ಕೊಡುತ್ತೇನೆ. ಇದು ನಾನೇ ಕಟ್ಟಿದ್ದು, ಆದರೆ ಪರೀಕ್ಷೆಯ ರೀತಿ ಇದೇ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯದು ಸ್ಟೀಲ್ ಪಾತ್ರೆಯ ಅಂಗಡಿ. ವ್ಯಾಪಾರ ಎಲ್ಲ ಕರ್ನಾಟಕದ ಒಳಗೇ, ವರ್ಷದ ವಹಿವಾಟು 34 ಲಕ್ಷ. ಅಂಗಡಿಯ ಮೇಲಿನ ಕೋಣೆಯನ್ನು ಒಬ್ಬ ಟೈಲರ್‌ಗೆ ಹೊಲಿಗೆ ಅಂಗಡಿ ಇಡಲು ತಿಂಗಳಿಗೆ 8,000ದಂತೆ ಬಾಡಿಗೆಗೆ ಕೊಟ್ಟಿದ್ದಾರೆ. ಬ್ಯಾಂಕಿನಲ್ಲಿ ಎಫ್‌ಡಿ ಇದೆ, ಬಡ್ಡಿ ಬರುತ್ತದೆ. ಮಗಳ ಮದುವೆಗೆಂದು ಹಳೆಯ ಒಡವೆ ಮಾರಿದ್ದಾರೆ. ಇವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೇ?

ಹತ್ತರಲ್ಲಿ ಏಳೆಂಟು ಮಂದಿ "ಬೇಡ" ಎಂದು ಗುರುತು ಹಾಕುತ್ತಾರೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಮಿತಿ 40 ಲಕ್ಷ, ಇವರದು 34 ಲಕ್ಷ, ಅಲ್ಲಿಗೆ ಮುಗಿಯಿತು ಎನ್ನುವುದು ಅವರ ಲೆಕ್ಕ. ಆದರೆ ಆ 40 ಲಕ್ಷದ ಮಿತಿ ಸರಕನ್ನು ಮಾತ್ರ ಮಾರುವವರಿಗೆ. ಅಂಗಡಿ ಇಡಲು ಕೋಣೆಯನ್ನು ಬಾಡಿಗೆಗೆ ಕೊಡುವುದು ತೆರಿಗೆಗೆ ಒಳಪಡುವ ಸೇವೆ. ವರ್ಷಕ್ಕೆ 96,000 ರೂಪಾಯಿಯ ಆ ಬಾಡಿಗೆಯಿಂದಾಗಿ ಅವರು 'ಸರಕು ಮಾತ್ರ' ಎನ್ನುವ ಸಾಲಿನಿಂದ ಹೊರಗೆ ಬಿದ್ದರು. ಅವರಿಗೆ ಅನ್ವಯಿಸುವ ಮಿತಿ 20 ಲಕ್ಷ, ನೋಂದಣಿ ಆಗಲೇಬೇಕು. ಠೇವಣಿಯ ಬಡ್ಡಿ ಮಾತ್ರ ಇದ್ದಿದ್ದರೆ ತೊಂದರೆ ಇರಲಿಲ್ಲ, ಅಧಿಸೂಚನೆಯೇ ಅದನ್ನು ಹೊರಗಿಟ್ಟಿದೆ. ಇನ್ನು ಒಡವೆಯ ಸಂಗತಿ ಬಂದಿರುವುದು ನಿಮ್ಮ ಗಮನ ಬೇರೆಡೆಗೆ ಎಳೆಯಲಿಕ್ಕೆ.

ಗಮನಿಸಿ, ಈ ಪ್ರಶ್ನೆಯಲ್ಲಿ ಸೋತವರಿಗೆ 40 ಲಕ್ಷ ಎಂಬುದು ಗೊತ್ತಿತ್ತು. ಪುಸ್ತಕದಲ್ಲಿ ಅಡಿಗೆರೆ ಕೂಡ ಹಾಕಿದ್ದರು. ಸೋತದ್ದು ಷರತ್ತನ್ನು ಓದದೆ ಸಂಖ್ಯೆಯನ್ನು ಮಾತ್ರ ಓದಿದ್ದಕ್ಕೆ. ಬರೆಯುವ ಪ್ರಶ್ನೆಯಾಗಿದ್ದರೆ ಉತ್ತರ ತಪ್ಪಿದರೂ ನಿಯಮ ಬರೆದದ್ದಕ್ಕೆ ಅಂಕ ಸಿಗುತ್ತಿತ್ತು. ಎಂಸಿಕ್ಯೂನಲ್ಲಿ ಅರ್ಧ ಗೊತ್ತಿದ್ದವರಿಗೂ ಏನೂ ಗೊತ್ತಿಲ್ಲದವರಿಗೂ ಸಿಗುವುದು ಒಂದೇ ಸೊನ್ನೆ. ಆದ್ದರಿಂದ ಎಂಸಿಕ್ಯೂ ತಯಾರಿ ಎಂದು ಬೇರೆಯಾಗಿ ಏನೂ ಇಲ್ಲ. ಅಧ್ಯಾಯವನ್ನು ಷರತ್ತು, ಅಪವಾದ ಸಮೇತ ಓದಿ, ಉದಾಹರಣೆಗಳನ್ನು ಬಿಡಿಸಿ, ಆಮೇಲೆ ಆ ಅಧ್ಯಾಯದ ಕೇಸ್ ಸಿನಾರಿಯೋಗಳಿಗೆ ಕೈ ಹಾಕಿ. ತಪ್ಪಾದಾಗ ಸರಿ ಉತ್ತರ 'ಸಿ' ಎಂದು ಗುರುತಿಸಿಕೊಂಡು ಮುಂದೆ ಹೋಗಬೇಡಿ. ಕಥೆಯ ಯಾವ ಸಾಲನ್ನು ನೀವು ಹಾರಿಸಿದಿರಿ ಎಂದು ಹುಡುಕಿ.

ಫೌಂಡೇಶನ್‌ನಿಂದ ಬರುವವರಲ್ಲಿ ನಾನು ಪದೇಪದೇ ಕಾಣುವ ಒಂದು ಅಭ್ಯಾಸವಿದೆ. ಅಲ್ಲಿ ಮೂರನೇ ಮತ್ತು ನಾಲ್ಕನೇ ಪೇಪರ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಹಾಗಾಗಿ ಗೊತ್ತಿಲ್ಲದ್ದನ್ನು ಖಾಲಿ ಬಿಡುವುದು ಕೈಗೆ ಹತ್ತಿಬಿಟ್ಟಿರುತ್ತದೆ. ಇಂಟರ್‌ನಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಒಂದನ್ನೂ ಖಾಲಿ ಬಿಡಬೇಡಿ. ಕೇಳಿದರೆ ಎಲ್ಲರೂ "ಗೊತ್ತು ಸರ್" ಎನ್ನುತ್ತಾರೆ. ಮಾಕ್ ಟೆಸ್ಟ್‌ನ ಓಎಂಆರ್ ಹಾಳೆ ತೆಗೆದು ನೋಡಿದರೆ ಎರಡು ಮೂರು ಖಾಲಿ ಇದ್ದೇ ಇರುತ್ತವೆ.

ಸಮಯದ ಲೆಕ್ಕವೂ ಇದೆ. ಮೂರು ಗಂಟೆ ಎಂದರೆ 180 ನಿಮಿಷ. ಅಂಕದ ಪ್ರಮಾಣದಲ್ಲಿ ಹಂಚಿದರೆ ಎಂಸಿಕ್ಯೂಗೆ 54 ನಿಮಿಷ. ಅದಕ್ಕಿಂತ ಹೆಚ್ಚು ಕೊಡಬೇಡಿ, ಬಹಳ ಕಡಿಮೆಯನ್ನೂ ಕೊಡಬೇಡಿ. ಮೊದಲು ಎಂಸಿಕ್ಯೂ ಮಾಡಬೇಕೋ ಬರೆಯುವುದೋ ಎಂಬುದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ನನ್ನ ಒಲವು ಮೊದಲು ಎಂಸಿಕ್ಯೂ ಮಾಡುವ ಕಡೆಗೆ, ಏಕೆಂದರೆ ಕಥೆ ಓದಲು ತಲೆ ತಿಳಿಯಾಗಿರಬೇಕು. ಕಾಸ್ಟಿಂಗ್ ಪೇಪರ್‌ಗೆ ಮಾತ್ರ ಇದನ್ನು ಹೇಳಲು ಹಿಂಜರಿಯುತ್ತೇನೆ. ಅಲ್ಲಿ ಎರಡು ಅಂಕದ ಒಂದು ಪ್ರಶ್ನೆ ಎಂಟು ನಿಮಿಷ ನುಂಗಿಬಿಡುವುದುಂಟು. ಯಾವುದನ್ನು ಮೊದಲು ಮಾಡಿದರೂ ಓಎಂಆರ್ ತುಂಬುವ ಕೆಲಸವನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಬೇಡಿ. ಶುರುವಿನಲ್ಲಿ ಓದಲೆಂದು ಕೊಡುವ 15 ನಿಮಿಷವನ್ನು ಬರೆಯುವ ಪ್ರಶ್ನೆಗಳಲ್ಲಿ ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಬಳಸಿ.

ಅಂದಹಾಗೆ, ಈ ಬದಲಾವಣೆ ನಮ್ಮಲ್ಲಷ್ಟೇ ಆದದ್ದಲ್ಲ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಸಿಪಿಎ (ನಮ್ಮ ಸಿಎಯಂಥದ್ದೇ ಪರೀಕ್ಷೆ) ಬರೆಯುವವರು ಈಗ ಬಹಳ ಮಂದಿ ಇದ್ದಾರಲ್ಲ, ಆ ಪರೀಕ್ಷೆಯೂ 2024ರ ಜನವರಿಯಲ್ಲಿ ಬದಲಾಯಿತು. ಬಿಇಸಿ ಎಂಬ ಪೇಪರನ್ನು ಕೈಬಿಟ್ಟು, ಎಲ್ಲರಿಗೂ ಕಡ್ಡಾಯವಾದ ಮೂರು ಪೇಪರ್ ಜೊತೆಗೆ ಮೂರರಲ್ಲಿ ಆಯ್ದುಕೊಳ್ಳುವ ಒಂದು ಪೇಪರ್ ಎಂದು ಮಾಡಿದರು. ಬಿಇಸಿ ಹೋದಾಗ ಅದರಲ್ಲಿದ್ದ ಪತ್ರ ಬರೆಯುವ ಪ್ರಶ್ನೆಗಳೂ ಹೋದವು. ಈಗ ಅಲ್ಲಿ ಹೆಚ್ಚಿನ ಪೇಪರ್‌ಗಳಲ್ಲಿ ಅರ್ಧ ಅಂಕ ಎಂಸಿಕ್ಯೂಗೆ, ಇನ್ನರ್ಧ ಕಂಪ್ಯೂಟರ್ ಮೇಲೆ ದಾಖಲೆಗಳನ್ನು ಕೊಟ್ಟು ಮಾಡಿಸುವ ಕೆಲಸಕ್ಕೆ. ನಮ್ಮಲ್ಲಿ 70 ಅಂಕ ಇನ್ನೂ ಪೆನ್ನು ಹಿಡಿದು ಬರೆಯುವುದಕ್ಕೇ ಇದೆ. ಅದು ಉಳಿದದ್ದು ಒಳ್ಳೆಯದು ಎನ್ನುವವನು ನಾನು. ನಾಳೆ ಇಲಾಖೆಯ ನೋಟಿಸಿಗೆ ಉತ್ತರ ಬರೆಯುವಾಗ ನಾಲ್ಕು ಆಯ್ಕೆ ಕೊಟ್ಟು ಯಾರೂ ಕೇಳುವುದಿಲ್ಲ.

ಬರೆಯುವ ಮಾತು ಬಂತು. ನೀವು ಕನ್ನಡ ಮಾಧ್ಯಮ ಎಂದು ಬರೆದಿದ್ದೀರಿ. ಉತ್ತರವನ್ನು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು, ಕನ್ನಡಕ್ಕೆ ಅವಕಾಶವಿಲ್ಲ. ಆದರೆ ಪರೀಕ್ಷಕರು ನಿಮ್ಮ ಇಂಗ್ಲಿಷಿನ ಸೊಗಸಿಗೆ ಅಂಕ ಕೊಡುವುದಿಲ್ಲ. ಫೌಂಡೇಶನ್‌ನಲ್ಲಿ ಹಿಂದೆ ಇಂಗ್ಲಿಷ್ ಪತ್ರ ಬರೆಯುವ, ಸಾರಾಂಶ ಮಾಡುವ 40 ಅಂಕದ ಭಾಗ ಒಂದಿತ್ತು, ಈಗ ಅದನ್ನೂ ತೆಗೆದಿದ್ದಾರೆ. ಕಾನೂನು ಮತ್ತು ಆಡಿಟಿಂಗ್‌ನಲ್ಲಿ ಮೂರು ಸಣ್ಣ ಪ್ಯಾರಾ ಸಾಕು: ನಿಯಮ ಏನು ಹೇಳುತ್ತದೆ, ಕೊಟ್ಟಿರುವ ಸಂಗತಿ ಏನು, ಆದ್ದರಿಂದ ತೀರ್ಮಾನ ಏನು. ಪ್ರತಿ ವಾಕ್ಯವೂ ಒಂದು ಸಾಲಿನದಿರಲಿ. ಸೆಕ್ಷನ್ ಸಂಖ್ಯೆ ಖಚಿತವಿಲ್ಲದಿದ್ದರೆ ಬರೆಯಲೇಬೇಡಿ, ತಪ್ಪು ಸಂಖ್ಯೆ ಬರೆಯುವುದಕ್ಕಿಂತ ಅದು ಮೇಲು. ಈ ವಿಷಯದಲ್ಲಿ ಅಣ್ಣನ "ಬರೆದು ಬರೆದು ಅಭ್ಯಾಸ ಮಾಡು" ಎನ್ನುವ ಮಾತು ನೂರಕ್ಕೆ ನೂರು ಸರಿ. ಕೋಚಿಂಗ್‌ನಲ್ಲಿ ವಿಡಿಯೋ ನೋಡಿ ಅರ್ಥವಾಯಿತು ಎಂದುಕೊಂಡವರು ಬರೆಯಲು ಕೂತಾಗ ಮೊದಲ ವಾಕ್ಯಕ್ಕೇ ತಡವರಿಸುತ್ತಾರೆ.

ಒಂದೊಂದೇ ಗ್ರೂಪ್ ಬರೆಯಬೇಕೇ? ಅಣ್ಣನ ಕಾಲದಲ್ಲಿ ಒಂದು ಗ್ರೂಪ್ ಮುಗಿಸಿ ಆರ್ಟಿಕಲ್‌ಶಿಪ್‌ಗೆ ಸೇರಬಹುದಿತ್ತು. ಈಗ ಎರಡೂ ಗ್ರೂಪ್ ಪಾಸಾಗದೆ ಸೇರುವ ಹಾಗಿಲ್ಲ. ಅವರ ಸಲಹೆಯ ಆ ಭಾಗವನ್ನು ಪೂರ್ತಿ ಬಿಟ್ಟುಬಿಡಿ. ಹೀಗಿರುವಾಗ ಒಂದೇ ಗ್ರೂಪ್ ಬರೆಯುವುದರಿಂದ ಬೇಗ ಕೆಲಸಕ್ಕೆ ಸೇರುವ ಲಾಭವೇನೂ ಇಲ್ಲ.

ಎರಡನ್ನೂ ಒಟ್ಟಿಗೆ ಬರೆಯುವುದಕ್ಕೆ ಒಂದು ದೊಡ್ಡ ಅನುಕೂಲವಿದೆ. ಒಂದೇ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಬರೆದವರು ಎಲ್ಲ ಪೇಪರ್‌ನಲ್ಲೂ 40 ದಾಟಿ, ಆರರ ಮೊತ್ತದಲ್ಲಿ 300 ತೆಗೆದರೆ ಎರಡೂ ಗ್ರೂಪ್ ಪಾಸು. ಮೊದಲ ಗ್ರೂಪ್‌ನಲ್ಲಿ 165, ಎರಡನೆಯದರಲ್ಲಿ 140 ಬಂತು ಎಂದುಕೊಳ್ಳಿ. ಬೇರೆ ಬೇರೆಯಾಗಿ ಬರೆದಿದ್ದರೆ ಎರಡನೆಯದು ಫೇಲು. ಒಟ್ಟಿಗೆ ಬರೆದದ್ದಕ್ಕೆ 305 ಆಗಿ ಎರಡೂ ಪಾಸು. ಮೇಲೆ ಹೇಳಿದ ಮೂರು ಪೇಪರ್‌ನ ಇಕ್ಕಟ್ಟು ಇಲ್ಲಿ ಸಡಿಲವಾಗುತ್ತದೆ.

ಹಾಗೆಂದು ಆರೂ ಪೇಪರ್ ಅರೆಬರೆ ಓದಿ ಕೂರುವುದು ಬೇಡ. 2024ರಿಂದ ಫೌಂಡೇಶನ್ ಮತ್ತು ಇಂಟರ್ ಪರೀಕ್ಷೆಗಳು ಜನವರಿ, ಮೇ-ಜೂನ್, ಸೆಪ್ಟೆಂಬರ್ ಹೀಗೆ ವರ್ಷಕ್ಕೆ ಮೂರು ಸಲ ನಡೆಯುತ್ತಿವೆ. 2025ರಲ್ಲಿ ಫೈನಲ್ ಕೂಡ ಹಾಗೆಯೇ ನಡೆಯಿತು. ನಾಲ್ಕು ತಿಂಗಳಿಗೆ ಇನ್ನೊಂದು ಅವಕಾಶವಿದೆ ಎಂಬುದು ಮನಸ್ಸಿಗೆ ಸಮಾಧಾನ. ಪರೀಕ್ಷೆಗೆ ಎರಡು ತಿಂಗಳಿರುವಾಗ ಆರೂ ಪೇಪರ್ ಒಂದು ಸಲವಾದರೂ ಮುಗಿದಿದ್ದರೆ ಎರಡೂ ಗ್ರೂಪ್ ಬರೆಯಿರಿ. ನಾಲ್ಕೇ ಮುಗಿದಿದ್ದರೆ ಒಂದು ಗ್ರೂಪ್ ಗಟ್ಟಿ ಮಾಡಿ, ಇನ್ನೊಂದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಮೂರು ಸಲದ ಪರೀಕ್ಷೆಗೆ ಇನ್ನೊಂದು ಮುಖವೂ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಗ್ರೂಪ್ ಫೇಲಾದರೂ ಒಂದು ಪೇಪರ್‌ನಲ್ಲಿ 60 ಬಂದಿದ್ದರೆ ಮುಂದಿನ ಮೂರು ಪರೀಕ್ಷೆಗಳವರೆಗೆ ಅದನ್ನು ಮತ್ತೆ ಬರೆಯದಿರುವ ವಿನಾಯಿತಿ ಸಿಗುತ್ತದಲ್ಲ, ಹಿಂದೆ ಆ ಮೂರು ಪರೀಕ್ಷೆ ಎಂದರೆ ಒಂದೂವರೆ ವರ್ಷ. ಈಗ ಒಂದೇ ವರ್ಷ. "ಮನೆಯಲ್ಲಿ ಮದುವೆ ಇದೆ, ಈ ಸಲ ಬೇಡ" ಎಂದು ಒಂದು ಪರೀಕ್ಷೆ ಬಿಟ್ಟರೆ ಆ ವಿನಾಯಿತಿಯ ಮೂರನೇ ಒಂದು ಪಾಲು ಹೋಯಿತು. ಕ್ಯಾಲೆಂಡರ್ ಮೇಲೆ ಗುರುತು ಹಾಕಿಟ್ಟುಕೊಳ್ಳಿ.

ಆರ್ಟಿಕಲ್‌ಶಿಪ್ ಮೂರರಿಂದ ಎರಡು ವರ್ಷಕ್ಕೆ ಇಳಿದದ್ದಕ್ಕೆ ನಮ್ಮ ವೃತ್ತಿಯ ಹಿರಿಯರು ಬಹಳ ಮಂದಿ ಮುಖ ಸಿಂಡರಿಸಿದರು. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಎರಡು ವರ್ಷವೆಂದರೆ ಎರಡು ಆಡಿಟ್ ಸೀಸನ್. ಮೊದಲನೆಯದು ವೋಚರ್ ನೋಡುವುದರಲ್ಲಿ, ಟ್ಯಾಲಿಯಲ್ಲಿ ಲೆಡ್ಜರ್ ಹುಡುಕುವುದರಲ್ಲಿ ಕಳೆದುಹೋಗುತ್ತದೆ. ಏನಾದರೂ ಕಲಿಯುವುದು ಎರಡನೆಯದರಲ್ಲಿ, ಕಲಿತದ್ದನ್ನು ಮಾಡಿ ತೋರಿಸಲು ಮೂರನೆಯದು ಇರುವುದಿಲ್ಲ. ಆದರೆ ಹಳೆಯ ಮೂರು ವರ್ಷ ನಿಜವಾಗಿ ಮೂರು ವರ್ಷ ಆಗಿತ್ತೇ? ತರಬೇತಿಯ ಕೊನೆಯ ಆರು ತಿಂಗಳಲ್ಲೇ ಫೈನಲ್ ಬರೆಯಬಹುದಿತ್ತು. ಅದಕ್ಕೆಂದು ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಓದಿನ ರಜೆ ಹಾಕಿ ಹೋಗುತ್ತಿದ್ದರು. ಈಗ ರಜೆ ವರ್ಷಕ್ಕೆ 12 ದಿನ, ಎರಡು ವರ್ಷ ಪೂರ್ತಿ ಆಫೀಸಿನ ಕೆಲಸ, ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್. ಓದು ಬೇರೆ, ಕೆಲಸ ಬೇರೆ ಎಂದಾಯಿತು. ನನಗೆ ಇದು ಹಳೆಯ ಪದ್ಧತಿಗಿಂತ ಪ್ರಾಮಾಣಿಕ ಅನ್ನಿಸುತ್ತದೆ.

ಬೆಲೆಯ ಮಾತು ಬಿಡಿ, ಸದಸ್ಯತ್ವ ಎಲ್ಲರಿಗೂ ಒಂದೇ. ನೀವು ಯೋಚಿಸಬೇಕಾದದ್ದು ಯಾವ ಆಫೀಸಿಗೆ ಸೇರಬೇಕು ಎಂಬುದನ್ನು. ರಿಟರ್ನ್ ಫೈಲಿಂಗ್ ಒಂದನ್ನೇ ಮಾಡುವ ಕಡೆ ಎರಡು ವರ್ಷ ಕಳೆದರೆ ಕಂಪನಿ ಆಡಿಟ್ ಎಂದರೇನು ಎಂದು ನೋಡದೆಯೇ ಫೈನಲ್‌ಗೆ ಹೋಗುತ್ತೀರಿ. ಬೆಂಗಳೂರಿಗೇ ಹೋಗಬೇಕೆಂದಿಲ್ಲ. ದಾವಣಗೆರೆ, ಹುಬ್ಬಳ್ಳಿಯ ಮಧ್ಯಮ ಗಾತ್ರದ ಆಫೀಸಿನಲ್ಲಿ ಮಿಲ್, ಸಹಕಾರ ಸಂಘ, ಬ್ಯಾಂಕ್ ಶಾಖೆಯ ಆಡಿಟ್, ಜಿಎಸ್‌ಟಿ ಎಲ್ಲವೂ ಒಂದೇ ಕಡೆ ಸಿಗುವುದುಂಟು. ಸೇರುವ ಮೊದಲು ಅಲ್ಲಿ ಈಗಿರುವ ಆರ್ಟಿಕಲ್‌ಗಳನ್ನು ಚಹಾಕ್ಕೆ ಕರೆದು, ಕಳೆದ ತಿಂಗಳು ಏನು ಕೆಲಸ ಮಾಡಿದಿರಿ ಎಂದು ಕೇಳಿ. ತರಬೇತಿ ಕೊಡುವ ಸಿಎ, ಅಂದರೆ ಪ್ರಿನ್ಸಿಪಾಲರನ್ನು ಕೇಳಿದರೆ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಫೈನಲ್ ಬಗ್ಗೆ ಈಗ ಎರಡೇ ಮಾತು. ಅಲ್ಲೂ ಎಂಟು ಪೇಪರ್ ಆರಾಗಿದೆ. ಕಂಪನಿ ಕಾನೂನು ಮತ್ತು ಸ್ಟ್ರಾಟೆಜಿಕ್ ಕಾಸ್ಟಿಂಗ್ ಮುಖ್ಯ ಪರೀಕ್ಷೆಯಿಂದ ಹೊರಬಂದು, ನಾವೇ ಆನ್‌ಲೈನ್‌ನಲ್ಲಿ ಓದಿ 50 ಪ್ರತಿಶತ ತೆಗೆದು ಮುಗಿಸಬೇಕಾದ ಮಾಡ್ಯೂಲ್‌ಗಳಾಗಿವೆ. ಅವುಗಳ ಜೊತೆ ಆಯ್ಕೆಯ ಎರಡು ವಿಷಯ ಸೇರಿ ಒಟ್ಟು ನಾಲ್ಕು, ಎಲ್ಲವೂ ಫೈನಲ್‌ಗೆ ಮೊದಲೇ ಮುಗಿಯಬೇಕು. ಆರ್ಟಿಕಲ್‌ಶಿಪ್‌ನ ಮೊದಲ ವರ್ಷದಲ್ಲೇ ಮುಗಿಸಿಕೊಳ್ಳುವವರು ಜಾಣರು. ಆರನೇ ಪೇಪರ್ ನಾಲ್ಕು ಗಂಟೆಯ ಕೇಸ್ ಸ್ಟಡಿ, ಪುಸ್ತಕ ನೋಡಿ ಬರೆಯಬಹುದು. ಪುಸ್ತಕ ಇದೆಯಲ್ಲ ಎಂದು ಓದದೆ ಹೋದವರಿಗೆ ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ.

ಕೊನೆಗೆ ಅಣ್ಣ ಕೊಟ್ಟ ಪುಸ್ತಕಗಳು. ಟ್ಯಾಕ್ಸ್ ಪುಸ್ತಕವನ್ನು ಇವತ್ತೇ ರದ್ದಿಗೆ ಹಾಕಿ. ಅವರ ಇಂಟರ್‌ನ ಕಾಲಕ್ಕೆ ಜಿಎಸ್‌ಟಿ ಇರಲಿಲ್ಲ, ಅದರಲ್ಲಿರುವುದು ಸೇವಾ ತೆರಿಗೆ ಮತ್ತು ವ್ಯಾಟ್. ಆದಾಯ ತೆರಿಗೆಯಲ್ಲೂ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1 ಅದು ಜಾರಿಯಾಗುವ ದಿನ. ನೀವು ಬರೆಯುವ ಪರೀಕ್ಷೆಗೆ ಯಾವ ಕಾಯ್ದೆ, ಯಾವ ದಿನಾಂಕದವರೆಗಿನ ತಿದ್ದುಪಡಿ ಅನ್ವಯ ಎಂಬುದನ್ನು ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐ ಪ್ರಕಟಣೆಯಲ್ಲಿಯೇ ನೋಡಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನಂಬಬೇಡಿ. ಕಾನೂನು, ಆಡಿಟಿಂಗ್ ಪುಸ್ತಕಗಳೂ ಬೇಡ. ಐಸಿಎಐನ ಬೋರ್ಡ್ ಆಫ್ ಸ್ಟಡೀಸ್ ತನ್ನ ಪೋರ್ಟಲ್‌ನಲ್ಲಿ ಸ್ಟಡಿ ಮೆಟೀರಿಯಲ್, ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್), ಮಾಕ್ ಟೆಸ್ಟ್ ಪೇಪರ್, ಕೇಸ್ ಸಿನಾರಿಯೋ ಪುಸ್ತಿಕೆ ಎಲ್ಲವನ್ನೂ ಉಚಿತವಾಗಿ ಹಾಕಿದೆ. ಇಂಟರ್‌ಗೆ ಅಷ್ಟು ಸಾಕು.

ಅಣ್ಣನ ಕಾಸ್ಟಿಂಗ್ ನೋಟ್ಸ್ ಮಾತ್ರ ಇಟ್ಟುಕೊಳ್ಳಿ. ಮಾರ್ಜಿನಲ್ ಕಾಸ್ಟಿಂಗ್, ಸ್ಟ್ಯಾಂಡರ್ಡ್ ಕಾಸ್ಟಿಂಗ್ ಯಾವ ಯೋಜನೆ ಬಂದರೂ ಬದಲಾಗಿಲ್ಲ. ಅಕೌಂಟಿಂಗ್ ಸ್ಟ್ಯಾಂಡರ್ಡ್‌ಗಳ ನೋಟ್ಸ್ ಇದ್ದರೆ ಅದನ್ನೂ ಹೊಸ ಪಠ್ಯದ ಜೊತೆ ತಾಳೆ ನೋಡಿ ಬಳಸಬಹುದು.